ಕಟುಕನ ಕಂಠ

‘ಕಟುಕ’ ಎಂದೊಡನೆ ನಮಗೆ ಕ್ರೌರ್ಯವೇ ಮುಂದಾಗಿ ತೋರುತ್ತದೆ. ಲೂಯಿಸ್ ಎರ್ಡ್ರಿಕ್ ಅವರ ‘ದಿ ಮಾಸ್ಟರ್ ಬುಚರ್ಸ್ ಸಿಂಗಿಂಗ್ ಕ್ಲಬ್’ (2003) ಕಾದಂಬರಿಯ ನಾಯಕ ಫಿಡೆಲಿಸ್ ಆ ಭಾವನೆಯನ್ನು ಅಲುಗಿಸುತ್ತಾನೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಗುರಿಕಾರನಾಗಿದ್ದ ಈತ ಸಾಸೇಜುಗಳನ್ನೂ ಕಸುಬಿನ ಕತ್ತಿಗಳನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಬರುತ್ತಾನೆ. ಸಾಸೇಜು ಮಾರಿದ ಹಣ ಸಾಲುವುದು ಉತ್ತರ ಡಕೋಟದ ಆರ್ಗಸ್ ಎಂಬ ಕಲ್ಪಿತ ಊರಿನವರೆಗೆ ಮಾತ್ರ. ಅಲ್ಲಿಯೇ ಅಂಗಡಿ ಹೂಡುತ್ತಾನೆ. ಊರಿನ ಗಂಡಸರನ್ನು ಸೇರಿಸಿ ಹಾಡುಕೂಟವನ್ನೂ ಕಟ್ಟುತ್ತಾನೆ. ವ್ಯಾಪಾರದಲ್ಲಿ ಎದುರಾಳಿಯಾದ ಇನ್ನೊಬ್ಬ ಕಟುಕನೂ ಅಲ್ಲಿ ದನಿಗೂಡಿಸುವುದು ಕೃತಿಯ ಸೊಗಸುಗಳಲ್ಲೊಂದು.

ಲೇಖಕಿಯ ಅಜ್ಜನೂ ಜರ್ಮನಿಯಿಂದ ಬಂದ ಕಟುಕನೇ. ಅಂತೆಯೇ ಅಂಗಡಿಯ ದುಡಿಮೆಯ ವರ್ಣನೆಯಲ್ಲಿ ಬಲ್ಲವರ ನಿಖರತೆಯಿದೆ. ನೆಲಮಾಳಿಗೆಯ ಹೆಣಗಳ ರಹಸ್ಯ ಮಾತ್ರ ಕಥೆಗೆ ಹೊರೆ, ಕೈಬಿಟ್ಟಿದ್ದರೆ ನಷ್ಟವಿರಲಿಲ್ಲ.

ಎರಡನೆಯ ಮಹಾಯುದ್ಧ ಬರುವ ಹೊತ್ತಿಗೆ ಮನೆ ಇಬ್ಭಾಗವಾಗಿದೆ. ಫ್ರಾಂಜ್ ಅಮೆರಿಕದ ವಾಯುಪಡೆಯಲ್ಲಿ. ಸೋದರತ್ತೆಯೊಡನೆ ಜರ್ಮನಿಗೆ ಹೋದ ಅವಳಿಗಳು ಹಿಟ್ಲರನ ಸೈನ್ಯದಲ್ಲಿ. ಅವರಲ್ಲೊಬ್ಬನಾದ ಎರಿಕ್ ಸೆರೆಯಾಳಾಗಿ ಅಮೆರಿಕಕ್ಕೇ ಬರುತ್ತಾನೆ. ನೋಡಲು ಬಂದ ತಂದೆಯನ್ನು ಅವನು ಗುರುತಿಸಲೊಲ್ಲ. ಇಲ್ಲಿ ಲೇಖಕಿ ಯಾರ ಪರವಾಗಿಯೂ ವಾದಿಸುವುದಿಲ್ಲ. ತಂದೆಯ ಎರಡು ನಾಡುಗಳಲ್ಲಿ ಮಗನು ಒಂದನ್ನು ಆರಿಸಿಕೊಂಡಿದ್ದಾನೆ, ಅಷ್ಟೆ.