ಕೆಂಪು ಮುದ್ರೆಯ ಲೆಕ್ಕ

ಕಂಪನಿ ದುಡ್ಡಿನ ಅಂಚೆ ಚೀಟಿ ಗುಮಾಸ್ತನ ಮನೆಯ ಕಾಗದಕ್ಕೆ ಅಂಟಿಕೊಳ್ಳುತ್ತದೆಂಬ ಅನುಮಾನ ಬಲು ಹಳೆಯದು. ಬ್ರಿಟನ್ನಿನಲ್ಲಿ 1868ರಿಂದ ಸಂಸ್ಥೆಗಳು ಚೀಟಿಯ ಮೈಮೇಲೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಸಣ್ಣ ತೂತುಗಳಲ್ಲಿ ಕೊರೆಸಿಕೊಳ್ಳುತ್ತಿದ್ದವು. ಲಕೋಟೆಯ ಮೇಲೇ ದರದ ಮುದ್ರೆ ಒತ್ತುವ ಫ್ರ್ಯಾಂಕಿಂಗ್ ಮೆಷಿನ್ ಅಂಥ ಉಪಾಯಗಳ ಗೋಜಿಗೇ ಹೋಗದೆ ಚೀಟಿಯನ್ನೇ ತೆಗೆದುಹಾಕಿತು. ಷಿಕಾಗೋದ ಆರ್ಥರ್ ಪಿಟ್ನಿ 1902ರಲ್ಲಿ ಪೇಟೆಂಟ್ ಪಡೆದ. ವಾಲ್ಟರ್ ಬೋಸ್ ಜೊತೆ ಸೇರಿದ ಮೇಲೆ, 1920ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು.

ಎಲ್ಲರೂ ಹೊಗಳುವುದು ಅದರ ವೇಗವನ್ನು. ನನಗೆ ಬೆರಗು ಹುಟ್ಟಿಸುವುದು ಒಳಗಿನ ಎರಡು ಲೆಕ್ಕದ ಗಾಲಿಗಳು. ಮುಂಗಡವಾಗಿ 5,000 ರೂಪಾಯಿ ಕಟ್ಟಿ, ಐದು ರೂಪಾಯಿಯ ಒಂದು ಮುದ್ರೆ ಒತ್ತಿದಿರೆನ್ನಿ. ಉಳಿಕೆ ತೋರುವ ಗಾಲಿ 4,995ಕ್ಕೆ ಇಳಿಯುತ್ತದೆ, ಈವರೆಗಿನ ಖರ್ಚು ತೋರುವುದು ಐದು ಏರುತ್ತದೆ. ಮತ್ತೆ ಹಣ ತುಂಬುವ ತನಕ ಎರಡರ ಮೊತ್ತ ಬದಲಾಗದು. ಬದಲಾಯಿತೋ, ಯಾರೋ ಕೈಯಾಡಿಸಿದ್ದಾರೆ! ಕೂಡುವ ಲೆಕ್ಕ ಬಲ್ಲ ಯಾರು ಬೇಕಾದರೂ ಹಿಡಿಯಬಹುದು. ಅಂಚೆ ಚೀಟಿ ಮುದ್ರಿಸುವ ಸರ್ಕಾರದ ಹಕ್ಕನ್ನು ಖಾಸಗಿ ಕಚೇರಿಯ ಮೇಜಿನ ಮೇಲಿಡುವ ಧೈರ್ಯ ಬಂದದ್ದು ಈ ಸರಳ ಕಾವಲಿನಿಂದ.

ಲಕೋಟೆಯ ಮೇಲೆ ದರ, ತಾರೀಖು, ಲೈಸೆನ್ಸ್ ಸಂಖ್ಯೆ ಒಟ್ಟಿಗೆ ಬೀಳುವುದರಿಂದ ಅಂಚೆಯವರು ಮತ್ತೆ ಠಸ್ಸೆ ಹೊಡೆಯಬೇಕಿಲ್ಲ. ಆದರೆ ಕಾಗದಗಳನ್ನು ಕಟ್ಟು ಕಟ್ಟಿ, ಅದೇ ದಿನ, ಗೊತ್ತುಮಾಡಿದ ಕಚೇರಿಗೇ ಮುಟ್ಟಿಸಬೇಕು; ರಸ್ತೆಬದಿಯ ಡಬ್ಬಕ್ಕೆ ಹಾಕುವ ಸುಖವಿಲ್ಲ. ಬೆಳಿಗ್ಗೆ ತಾರೀಖು ತಿರುಗಿಸಲು ಮರೆತರೆ ಇಡೀ ಕಟ್ಟೇ ಕೆಟ್ಟಂತೆ. ಹಳೆಯ ಮೆಷಿನ್‌ಗಳಲ್ಲಂತೂ ಹಣ ತುಂಬಿಸಲು ಆ ಭಾರವನ್ನು ಅಂಚೆ ಕಚೇರಿಗೆ ಹೊತ್ತೊಯ್ಯಬೇಕಿತ್ತು. ದೂರದಿಂದಲೇ ಹಣ ತುಂಬುವ ವ್ಯವಸ್ಥೆ ಬಂದ ಮೇಲೆ ಆ ಮೆರವಣಿಗೆ ನಿಂತಿತು. ಮುಂಗಡ ಹಣ ಮಾತ್ರ ಈಗಲೂ ಮೊದಲೇ ಕೈಬಿಡುತ್ತದೆ.

ಹಾಗಾಗಿ ಸಾವಿರಾರು ನೋಟಿಸು ಕಳಿಸುವ ವಿಮಾ ಕಂಪನಿಗೆ ಇದು ವರ. ದಿನಕ್ಕೆ ಹತ್ತು ಕಾಗದ ಬರೆಯುವ ವಕೀಲರಿಗೆ ನೀರಿನ ಬಟ್ಟಲು, ಸ್ಪಂಜು ಸಾಕು. ಮುದ್ರೆಯ ಪಕ್ಕದಲ್ಲಿ ಕಂಪನಿಯ ಘೋಷವಾಕ್ಯಕ್ಕೂ ಜಾಗವಿದೆ. ಅದನ್ನು ಓದಿ ಸಾಮಾನು ಕೊಂಡವರನ್ನು ನಾನಂತೂ ಕಂಡಿಲ್ಲ. ಚೀಟಿ ಕೂಡಿಸುವ ಮಕ್ಕಳಿಗಂತೂ ಈ ಲಕೋಟೆ ಬರೀ ಕಾಗದ.

ಬೆಂಗಳೂರಿನಲ್ಲಿ ಫ್ರ್ಯಾಂಕಿಂಗ್ ಎಂದರೆ ಈಗ ಹೆಚ್ಚಿನವರಿಗೆ ನೆನಪಾಗುವುದು ಟಪಾಲಲ್ಲ, ಸಾಲಪತ್ರದ ಮುದ್ರಾಂಕ ಶುಲ್ಕ. ಮುಂಗಡ ಕಟ್ಟಿ ಮುದ್ರೆ ಒತ್ತಿಸುವ ಪದ್ಧತಿ ಅಲ್ಲಿಯೂ ಅದೇ.