ಸ್ವರಕ್ಕಾಗಿ ಕಾಯುವ ಚಿತ್ರ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಜೊತೆ ಅನಿಮೇಷನ್ ಚಿತ್ರಗಳು ಹೊಂದಿಕೊಂಡಷ್ಟು ಸಲೀಸಾಗಿ ಹಿಂದುಸ್ತಾನಿ ಸಂಗೀತದ ಜೊತೆ ಹೊಂದಿಕೊಂಡಿಲ್ಲ. ಇದಕ್ಕೆ ಹಣದ ಅಭಾವವನ್ನೋ ತಂತ್ರಜ್ಞಾನದ ಅಭಾವವನ್ನೋ ಕಾರಣವಾಗಿ ಮುಂದಿಡುವುದು ವಾಡಿಕೆಯಾದರೂ, ಮೂಲ ತೊಡಕು ಈ ಎರಡು ಸಂಗೀತಗಳು ಕಾಲವನ್ನು ಅಳೆದುಕೊಳ್ಳುವ ಬಗೆಯಲ್ಲಿಯೇ ಇದೆ. ಆ ತೊಡಕನ್ನು ಬಿಡಿಸುವ ದಾರಿ ಹಾಲಿವುಡ್‌ನಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ರಾತ್ರಿಯಿಡೀ ದೀಪ ಹಚ್ಚಿ ಆಡುತ್ತಿದ್ದ ತೊಗಲುಗೊಂಬೆಯಾಟದಲ್ಲಿ ಸಿಗುತ್ತದೆಂಬುದು ಈ ಬರಹದ ವಾದ.

ಸ್ಥಿರ ಚಿತ್ರಗಳನ್ನು ಒಂದೊಂದಾಗಿ ಕ್ಯಾಮೆರಾದಲ್ಲಿ ಸೆರೆಹಿಡಿದು, ಸೆಕೆಂಡಿಗೆ 24ರಂತೆ ಪರದೆಯ ಮೇಲೆ ಹಾಯಿಸಿ ಚಲನೆಯ ಭ್ರಮೆಯನ್ನು ಹುಟ್ಟಿಸುವುದೇ ಅನಿಮೇಷನ್; ಆ 24ರಲ್ಲಿ ಒಂದೊಂದಕ್ಕೂ ಫ್ರೇಮ್ ಎಂದು ಹೆಸರು. ಪಾಶ್ಚಾತ್ಯ ಸಂಗೀತದ ಕೃತಿಯೊಂದು ಸ್ವರಲಿಪಿಯಲ್ಲಿ ಮೊದಲೇ ಬರೆದಿಟ್ಟದ್ದಾಗಿರುವುದರಿಂದ, ಅದರ ಯಾವ ಬಡಿತ ಎಷ್ಟನೆಯ ಫ್ರೇಮಿನ ಮೇಲೆ ಬೀಳುತ್ತದೆಂಬುದನ್ನು ಚಿತ್ರಕಾರನು ಕುಂಚ ಹಿಡಿಯುವ ಮೊದಲೇ ಲೆಕ್ಕ ಹಾಕಬಲ್ಲನು. ನಿಮಿಷಕ್ಕೆ 120 ಬಡಿತಗಳ ಲಯದಲ್ಲಿ ಒಂದು ಬಡಿತಕ್ಕೆ ಸರಿಯಾಗಿ 12 ಫ್ರೇಮುಗಳು ದಕ್ಕುತ್ತವೆ. ಹೆಜ್ಜೆಯೊಂದು ನೆಲಕ್ಕೆ ತಾಗುವುದೂ ಡೋಲಿನ ಪೆಟ್ಟೂ ಒಂದೇ ಫ್ರೇಮಿನಲ್ಲಿ ಕೂಡಬೇಕಾದರೆ ಈ ಲೆಕ್ಕವೇ ಸಾಕು. ವಾಲ್ಟ್ ಡಿಸ್ನಿಯ ಸ್ಟುಡಿಯೋ 1929ರಲ್ಲಿ ‘ದಿ ಸ್ಕೆಲಿಟನ್ ಡ್ಯಾನ್ಸ್’ ಎಂಬ ಕಿರುಚಿತ್ರದಿಂದ ಆರಂಭಿಸಿದ ಮಾಲಿಕೆ ನಿಂತಿದ್ದುದು ಈ ಗಣಿತದ ಮೇಲೆಯೇ. ಅದರ ಅತ್ಯಂತ ಮಹತ್ವಾಕಾಂಕ್ಷೆಯ ಫಲವಾದ ‘ಫ್ಯಾಂಟೇಸಿಯಾ’ 1940ರ ನವೆಂಬರ್ 13ರಂದು ನ್ಯೂಯಾರ್ಕ್‌ನಲ್ಲಿ ತೆರೆ ಕಂಡಿತು. ಲಿಯೋಪೋಲ್ಡ್ ಸ್ಟೊಕೊವ್‌ಸ್ಕಿ ನಿರ್ದೇಶಿಸಿದ ವಾದ್ಯವೃಂದದ ಸಂಗೀತಕ್ಕೆ ಎಂಟು ಭಾಗಗಳಲ್ಲಿ ಚಿತ್ರ ಹೊಸೆದ ಆ ಕೃತಿಯನ್ನು ಈ ಪ್ರಕಾರದ ಶಿಖರವೆಂದು ಹೊಗಳುವವರು ಇಂದಿಗೂ ಬಹಳ.

ಆ ಹೊಗಳಿಕೆಯನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಪಾಲ್ ಡ್ಯೂಕಾನ ‘ಸಾರ್ಸರರ್ಸ್ ಅಪ್ರೆಂಟಿಸ್’ ಗಯಟೆಯ ಕವಿತೆಯೊಂದನ್ನು ಆಧರಿಸಿ ಹುಟ್ಟಿದ ಸಂಗೀತವಾದ್ದರಿಂದ, ಮಂತ್ರಗಾರನ ಶಿಷ್ಯನಾಗಿ ಮಿಕ್ಕಿ ಮೌಸ್ ನೀರು ಹೊರುವ ಪೊರಕೆಗಳನ್ನು ಕುಣಿಸುವುದು ಆ ಸಂಗೀತದ ಒಳಗಿನಿಂದಲೇ ಬಂದಂತಿದೆ. ಬೀಥೋವನ್‌ನ ‘ಪಾಸ್ಟೋರಲ್’ ಸಿಂಫೋನಿಯ ಗತಿ ಬೇರೆ. ಅದು ಚಿತ್ರಣಕ್ಕಿಂತ ಹೆಚ್ಚಾಗಿ ಭಾವದ ಅಭಿವ್ಯಕ್ತಿಯೆಂದು ಬೀಥೋವನ್ ತಾನೇ ಸ್ಪಷ್ಟಪಡಿಸಿದ್ದರೂ, ಡಿಸ್ನಿಯ ಕಲಾವಿದರು ಅದರ ಮೇಲೆ ಗ್ರೀಕ್ ಪುರಾಣದ ನರಾಶ್ವಗಳನ್ನೂ ರೆಕ್ಕೆಯ ಕುದುರೆಗಳನ್ನೂ ಹೇರಿದರು. ಒಮ್ಮೆ ಅದನ್ನು ಕಂಡವನಿಗೆ ಆ ಸಂಗೀತವನ್ನು ಬರಿಯ ಕಿವಿಯಿಂದ ಕೇಳುವುದು ಬಹುಕಾಲ ಸಾಧ್ಯವಾಗುವುದಿಲ್ಲ. ಜರ್ಮನಿಯಿಂದ ಬಂದು ಅದೇ ಚಿತ್ರದ ಬಾಖ್ ಭಾಗಕ್ಕೆ ದುಡಿದು, ತನ್ನ ವಿನ್ಯಾಸಗಳನ್ನು ಬದಲಾಯಿಸಿದ್ದಕ್ಕೆ ಬೇಸತ್ತು ಹೊರನಡೆದ ಆಸ್ಕರ್ ಫಿಶಿಂಗರ್, 1947ರಲ್ಲಿ ಬಾಖ್‌ನ ಮೂರನೆಯ ‘ಬ್ರಾಂಡೆನ್‌ಬರ್ಗ್ ಕಾನ್ಸರ್ಟೊ’ಗೆ ‘ಮೋಷನ್ ಪೇಂಟಿಂಗ್ ನಂ. 1’ ಎಂಬ ಚಿತ್ರವನ್ನು ಒಬ್ಬನೇ ಕುಳಿತು ಮಾಡಿದನು. ಪಾರದರ್ಶಕ ಫಲಕದ ಮೇಲೆ ತೈಲವರ್ಣದ ಒಂದೊಂದು ಕುಂಚರೇಖೆಯನ್ನು ಎಳೆದಂತೆಲ್ಲ ಒಂದೊಂದು ಫ್ರೇಮ್ ಸೆರೆಹಿಡಿಯುತ್ತಾ ಹೋದ ಆ ಕೃತಿಯಲ್ಲಿ ಕಥೆಯೂ ಇಲ್ಲ, ಪಾತ್ರವೂ ಇಲ್ಲ, ಪ್ರತಿ ಸ್ವರಕ್ಕೂ ಒಂದು ಕುಣಿತವೆಂಬ ಹಟವೂ ಇಲ್ಲ. ಬಾಖ್‌ನ ಸಂಗೀತ ಬೆಳೆಯುವ ಕ್ರಮವೊಂದೇ ಅಲ್ಲಿ ಕಣ್ಣಿಗೆ ಬೀಳುತ್ತದೆ. ಸುಮಾರು 11 ನಿಮಿಷಗಳ ಈ ಕಿರುಚಿತ್ರ ಇಡೀ ‘ಫ್ಯಾಂಟೇಸಿಯಾ’ಕ್ಕಿಂತ ಸಂಗೀತಕ್ಕೆ ಹೆಚ್ಚು ನಿಷ್ಠವಾದುದು.

ಹಿಂದುಸ್ತಾನಿ ಖ್ಯಾಲ್ ಗಾಯನದ ಮುಂದೆ ಫಿಶಿಂಗರ್‌ನ ದಾರಿಯೂ ಅರ್ಧಕ್ಕೇ ನಿಲ್ಲುತ್ತದೆ. ವಿಲಂಬಿತ, ಎಂದರೆ ಅತಿ ನಿಧಾನದ ಲಯದಲ್ಲಿ ಹಾಡುವ ಬಡಾ ಖ್ಯಾಲ್‌ಗೆ 12 ಮಾತ್ರೆಗಳ ಏಕತಾಲ ಬಳಕೆಯಲ್ಲಿದೆ. ಮಾತ್ರೆಯೊಂದು ನಾಲ್ಕು ಸೆಕೆಂಡುಗಳಷ್ಟು ಹಿಗ್ಗಿದಾಗ, ತಾಲದ ಮೊದಲ ಪೆಟ್ಟಾದ ‘ಸಮ’ದಿಂದ ಮತ್ತೆ ಸಮದವರೆಗಿನ ಒಂದು ಆವರ್ತನ 48 ಸೆಕೆಂಡು ಹಿಡಿಯುತ್ತದೆ. ಅನಿಮೇಷನ್‌ನ ಲೆಕ್ಕದಲ್ಲಿ ಅದು 1,152 ಫ್ರೇಮುಗಳು. ಆ ಆವರ್ತನದೊಳಗೆ ಗಾಯಕನು ಎಲ್ಲಿ ನಿಲ್ಲುತ್ತಾನೆ, ಯಾವ ಸ್ವರದಿಂದ ಯಾವ ಸ್ವರಕ್ಕೆ ಜಾರುತ್ತಾನೆ, ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂಬುದು ಯಾವ ಕಾಗದದಲ್ಲಿಯೂ ಬರೆದಿಲ್ಲ. ಹಾಡಿದಂತೆಲ್ಲ ಲಯವೂ ಮೆಲ್ಲನೆ ಏರುತ್ತದೆ. ಇಂದು ಹಾಡಿದ ಯಮನ್ ರಾಗ ನಾಳೆ ಹಾಗೆಯೇ ಬರುವುದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಕಡಿಯದೆ ಸಾಗುವ ‘ಮೀಂಡ್’ ಎಂಬ ಜಾರಿಕೆಗೆ ಆದಿ ಅಂತ್ಯಗಳನ್ನು ಫ್ರೇಮಿನ ಮೇಲೆ ಗುರುತಿಸಹೊರಟರೆ ಅದರ ಜೀವವೇ ಹೋಗುತ್ತದೆ. ಧ್ವನಿಮುದ್ರಿಕೆಯೊಂದನ್ನು ಆರಿಸಿಕೊಂಡು ಅದರ ಬೆನ್ನು ಹತ್ತಿ ಚಿತ್ರ ಬರೆಯಬಹುದಾದರೂ, ಆಗ ಸಿಗುವುದು ಒಂದು ದಿನದ ಒಂದು ಹಾಡಿಕೆಯ ಪಡಿಯಚ್ಚು.

ರಾಗಕ್ಕೆ ರೂಪ ಕೊಡುವ ಪ್ರಯತ್ನ ಉತ್ತರ ಕರ್ನಾಟಕದ ಸೀಮೆಗೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1580ರಿಂದ 1627ರವರೆಗೆ ವಿಜಾಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಎಂಬ ಗೇಯಸಂಗ್ರಹದಲ್ಲಿ ಹಾಡುಗಳನ್ನು ಭೈರವ, ತೋಡಿ, ಮಲ್ಹಾರ, ಕಲ್ಯಾಣ, ಕೇದಾರ ಮೊದಲಾದ ರಾಗಗಳ ಹೆಸರಿನಡಿ ಜೋಡಿಸಲಾಗಿದೆ. ಸರಸ್ವತಿ, ಗಣಪತಿ, ಕಲಬುರ್ಗಿಯ ಸೂಫಿ ಸಂತ ಗೇಸೂದರಾಜರು ಮಾತ್ರವಲ್ಲದೆ ಅರಸನ ಮೆಚ್ಚಿನ ಆನೆ ಆತಿಶ್ ಖಾನ್ ಮತ್ತು ತಂಬೂರಿ ಮೋತಿ ಖಾನ್ ಕೂಡ ಆ ಹಾಡುಗಳಲ್ಲಿ ಸ್ತುತಿ ಪಡೆದಿವೆ. ಕೆಲವು ಹಾಡುಗಳಂತೂ ರಾಗವನ್ನೇ ವ್ಯಕ್ತಿಯಾಗಿ ಬಣ್ಣಿಸುತ್ತವೆ. ಭೈರವ ಅಲ್ಲಿ ಶಿವನ ಆಕಾರದಲ್ಲಿ ಕಣ್ಣೆದುರು ನಿಲ್ಲುತ್ತಾನೆ. ಇದೇ ಕಾಲದ ದಖ್ಖನಿ ಚಿತ್ರಕಾರರು ‘ರಾಗಮಾಲಾ’ ಎಂಬ ಹೆಸರಿನಲ್ಲಿ ಒಂದೊಂದು ರಾಗಕ್ಕೂ ಒಂದೊಂದು ದೃಶ್ಯವನ್ನು ಬರೆದರು. ಸಂಗೀತಕ್ಕೆಂದೇ ಇಬ್ರಾಹಿಮನು 1599ರಲ್ಲಿ ತೊರವಿಯ ಬಳಿ ಕಟ್ಟಲಾರಂಭಿಸಿದ ನವರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. ಅಳಿದುಳಿದ ಕಮಾನುಗಳು ಇಂದಿಗೂ ಅಲ್ಲಿವೆ. ರಾಗಮಾಲೆಯ ಚಿತ್ರಗಳು ಎಷ್ಟೇ ಚೆಲುವಾಗಿದ್ದರೂ, ಸಂಗೀತದ ದೃಷ್ಟಿಯಿಂದ ಅವುಗಳಲ್ಲಿಯೂ ‘ಪಾಸ್ಟೋರಲ್’ ಭಾಗದ ದೋಷವೇ ಇದೆಯೆಂದು ಹೇಳಬೇಕಾಗುತ್ತದೆ. ತೋಡಿಯೆಂದರೆ ಜಿಂಕೆಗಳ ನಡುವೆ ವೀಣೆ ಹಿಡಿದು ನಿಂತ ಹೆಣ್ಣು ಎಂದು ಒಮ್ಮೆ ತೀರ್ಮಾನವಾದ ಮೇಲೆ ತೋಡಿಯ ಕೋಮಲ ಸ್ವರಗಳಿಗೆ ಆ ಚಿತ್ರದಲ್ಲಿ ಮಾಡಲು ಏನೂ ಉಳಿಯುವುದಿಲ್ಲ.

ಚಲನೆಯನ್ನು ಮೊದಲೇ ಲೆಕ್ಕ ಹಾಕಿಡುವುದು, ಸಂಗೀತದ ಮೇಲೆ ಹೊರಗಿನ ಚಿತ್ರವನ್ನು ಹೇರುವುದು ಎಂಬ ಎರಡು ದೋಷಗಳಿಂದಲೂ ತೊಗಲುಗೊಂಬೆಯಾಟ ಪಾರಾಗಿದೆ. ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು ಎಂದು ಕರೆಯಲ್ಪಡುವ, ಮನೆಯೊಳಗೆ ಮರಾಠಿಗೆ ಹತ್ತಿರದ ಮಾತನ್ನೂ ಆಟದಲ್ಲಿ ಕನ್ನಡವನ್ನೂ ಆಡುವ ಸಮುದಾಯದವರು ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ತುಂಬಿ, ಒಡವೆ ಉಡುಗೆಗಳ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆದು, ನಡುವೆ ಬಿದಿರಿನ ಸೀಳು ಕಟ್ಟಿ ಗೊಂಬೆಗಳನ್ನು ಸಿದ್ಧಪಡಿಸುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪ, ದೀಪಕ್ಕೂ ಪರದೆಗೂ ನಡುವೆ ಗೊಂಬೆ, ಪರದೆಯ ಈಚೆಗೆ ಪ್ರೇಕ್ಷಕರು. ಗೊಂಬೆಯನ್ನು ಹಿಡಿದವನೇ ಹಾಡುಗಾರ, ಅವನೇ ಮಾತುಗಾರ. ಹಾರ್ಮೋನಿಯಂ, ಮದ್ದಳೆ, ತಾಳಗಳನ್ನು ಮನೆಮಂದಿ ನೋಡಿಕೊಳ್ಳುತ್ತಾರೆ. ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹಾಡುವ ಕೊರಳು ಮತ್ತು ಆಡಿಸುವ ಕೈ ಒಂದೇ ದೇಹದವಾದುದರಿಂದ ಇವೆರಡರ ನಡುವೆ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ಹಾಡಿನ ಸಾಲೊಂದನ್ನು ಎರಡು ಸಲ ಹೆಚ್ಚಿಗೆ ಎಳೆಯಬೇಕೆನಿಸಿದರೆ ಗೊಂಬೆಯೂ ಅಷ್ಟು ಹೊತ್ತು ಕಾಯುತ್ತದೆ; ಜನ ಮೆಚ್ಚಿ ಉಲಿದರೆ ಅದೇ ಚಲನೆ ಮರಳಿ ಬರುತ್ತದೆ.

ಇನ್ನೂ ಸೂಕ್ಷ್ಮವಾದುದು ಪರದೆಯ ಮೇಲಿನ ನೆರಳಿನ ನಡವಳಿಕೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅದರ ಅಂಚುಗಳು ಗೆರೆ ಎಳೆದಂತೆ ಸ್ಪಷ್ಟವಾಗುತ್ತವೆ, ಬಣ್ಣಗಳು ತುಂಬಿ ನಿಲ್ಲುತ್ತವೆ. ಮೆಲ್ಲನೆ ದೀಪದ ಕಡೆಗೆ ಸೆಳೆದಾಗ ಆಕೃತಿ ದೊಡ್ಡದಾಗುತ್ತಾ ಅಂಚು ಕರಗುತ್ತಾ ಕೊನೆಗೆ ಬರಿಯ ಬಣ್ಣದ ಮಬ್ಬಾಗಿ ಉಳಿಯುತ್ತದೆ. ತಂಬೂರಿಯ ಶ್ರುತಿಯೊಳಗಿಂದ ಷಡ್ಜ ಮೂಡಿ ಸ್ಥಿರವಾಗುವುದಕ್ಕೂ, ದೀರ್ಘ ಮೀಂಡ್‌ನ ಕೊನೆಯಲ್ಲಿ ಸ್ವರ ಮತ್ತೆ ಶ್ರುತಿಯಲ್ಲಿ ಲೀನವಾಗುವುದಕ್ಕೂ ಇದಕ್ಕಿಂತ ಸರಿಸಾಟಿಯಾದ ದೃಶ್ಯರೂಪವನ್ನು ಯಾವ ಚಿತ್ರಕಲೆಯೂ ಕಂಡುಕೊಂಡಿಲ್ಲ. ಎಣ್ಣೆಯ ದೀಪದ ಕುಡಿ ಅಲುಗಿದಾಗ ನಿಂತ ಗೊಂಬೆಯೂ ಉಸಿರಾಡುತ್ತದೆ, ಸ್ವರವನ್ನು ತೂಗಾಡಿಸುವ ಆಂದೋಲನಕ್ಕೆ ಅದೇ ಜೊತೆ. ವಿದ್ಯುತ್ ಬಲ್ಬು ಬಂದ ಮೇಲೆ ಈ ಗುಣ ಬಹುಪಾಲು ಕಳೆದುಹೋಗಿರುವುದು ನಿಜವಾದ ನಷ್ಟ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದಂತಹ ಹೊಸ ವಸ್ತುಗಳನ್ನು ಈ ಕಲೆಗೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಗೌರವ ಬಂದಿದೆ, ಆದರೆ ಈ ಕಲೆಯನ್ನು ಸಂಗೀತದ ದೃಶ್ಯಭಾಷೆಯಾಗಿ ನೋಡುವ ಕಣ್ಣು ಇನ್ನೂ ಬಂದಿಲ್ಲ.

ಹೊರಗಿನವರಲ್ಲಿ ಈ ದಾರಿಗೆ ಹತ್ತಿರ ಬಂದವರಿದ್ದಾರೆ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದದ ಆಕೃತಿಗಳನ್ನು ಕತ್ತರಿಸಿ, ಕೀಲು ಕೂಡಿಸಿ, ಅಡಿಯಿಂದ ಬೆಳಕು ಹಾಯಿಸಿ ಫ್ರೇಮ್ ಫ್ರೇಮಾಗಿ ಚಿತ್ರಿಸಿದ ‘ಪಾಪಗೇನೊ’ 1935ರಲ್ಲಿ ಮೊಟ್ಸಾರ್ಟ್‌ನ ಸಂಗೀತದೊಂದಿಗೆ ಬಂದಿತು. ನೆರಳಿನಾಟವೂ ಶಾಸ್ತ್ರೀಯ ಸಂಗೀತವೂ ಒಂದೇ ಪರದೆಯ ಮೇಲೆ ಬಾಳಬಲ್ಲವೆಂಬುದನ್ನು ಅದು ತೋರಿಸಿಕೊಟ್ಟಿತು. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಗಾಗಿ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲಾಡ್ ಜುಟ್ರಾ 1957ರಲ್ಲಿ ಮಾಡಿದ ‘ಎ ಚೇರಿ ಟೇಲ್’ ಎಂಬ ಕಿರುಚಿತ್ರದಲ್ಲಿ, ತನ್ನ ಮೇಲೆ ಕೂರಗೊಡದ ಕುರ್ಚಿಗೂ ಮನುಷ್ಯನಿಗೂ ನಡೆಯುವ ಜಟಾಪಟಿಗೆ ರವಿಶಂಕರರ ಸಿತಾರ್ ಮತ್ತು ಚತುರಲಾಲರ ತಬಲಾ ಜೊತೆಗೂಡಿವೆ. ಆ ಜುಗಲಬಂದಿಯ ತುಂಟತನವೂ ಕೊನೆಯ ರಾಜಿಯೂ ಚಿತ್ರದಿಂದ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವುದರಿಂದ, ಹಿಂದುಸ್ತಾನಿ ವಾದನ ಅನಿಮೇಷನ್‌ಗೆ ಒಗ್ಗದೆಂಬ ಮಾತು ಅಲ್ಲಿಗೇ ಬಿದ್ದುಹೋಗುತ್ತದೆ. ಅದೇ ಮಂಡಳಿಯಲ್ಲಿ ಗುಜರಾತ್ ಮೂಲದ ಇಶು ಪಟೇಲ್ 1977ರಲ್ಲಿ ಸಾವಿರಾರು ಮಣಿಗಳನ್ನು ಜರುಗಿಸಿ ಜರುಗಿಸಿ ಮಾಡಿದ ‘ಬೀಡ್ ಗೇಮ್’ಗೆ ಜ್ಞಾನಪ್ರಕಾಶ ಘೋಷರ ತಾಳವಾದ್ಯ ಸಂಗೀತವಿದೆ. ಎರಡೂ ಚಿತ್ರಗಳು ಲಯವನ್ನು ಗೆದ್ದಿವೆ. ಕಂಠದ ವಿಸ್ತಾರವನ್ನು, ಎಂದರೆ ಆಲಾಪವನ್ನು, ಅವು ಮುಟ್ಟಿಲ್ಲ.

ಆ ಕೆಲಸಕ್ಕೆ ಬೇಕಾದ ವಸ್ತು ಇಂಗಳೇಶ್ವರದಲ್ಲಿ ಕಲ್ಲಿನ ಮೇಲೆಯೇ ಇದೆ. ಬಸವನ ಬಾಗೇವಾಡಿಯ ಸೀಮೆಯ, ಬಸವಣ್ಣನವರ ತಾಯಿಯ ತವರೆಂದು ಜನ ನಂಬಿ ನಡೆಯುವ ಈ ಊರಿನ ವಚನ ಶಿಲಾಮಂಟಪದಲ್ಲಿ ಶರಣರ ವಚನಗಳನ್ನು ಶಿಲೆಯಲ್ಲಿ ಕೆತ್ತಿ ನಿಲ್ಲಿಸಲಾಗಿದೆ. ವಿಜಾಪುರದಲ್ಲಿ ನೆಲೆಸಿ ಓಲೆಗರಿಗಳನ್ನು ಹುಡುಕಿ ವಚನಗಳನ್ನು ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರ ಕಾಲದಿಂದ ವಚನ ಓದಿಗೆ ಸುಲಭವಾಯಿತು. ಜೈಪುರ-ಅತ್ರೌಲಿ ಘರಾಣೆಯ ಮಲ್ಲಿಕಾರ್ಜುನ ಮನ್ಸೂರರ ಕೊರಳಿನಲ್ಲಿ ಅದು ಹಿಂದುಸ್ತಾನಿ ರಾಗದ ಗಾಂಭೀರ್ಯವನ್ನು ಪಡೆಯಿತು. ವಚನಕ್ಕೆ ಕಟ್ಟುನಿಟ್ಟಾದ ಛಂದಸ್ಸಿಲ್ಲದಿರುವುದರಿಂದ ಗಾಯಕನು ಮಾತಿನ ತೂಕ ನೋಡಿ ನಿಲ್ಲಬಹುದು, ಅಂಕಿತಕ್ಕೆ ಬಂದಾಗ ಸ್ವರವನ್ನು ಹಿಗ್ಗಿಸಬಹುದು; ತೊಗಲುಗೊಂಬೆಗೆ ಒಗ್ಗುವುದು ಇಂಥ ಬಿಡುವುಳ್ಳ ಸಂಗೀತವೇ. ದೇಹವನ್ನೇ ವಾದ್ಯವಾಗಿಸಿಕೊಳ್ಳೆಂದು ದೇವರನ್ನು ಕೇಳುವ ಬಸವಣ್ಣನವರ ವಚನವೊಂದನ್ನು ಗಾಯಕನು ಪರದೆಯ ಪಕ್ಕದಲ್ಲಿ ಕುಳಿತು ಹಾಡುತ್ತಿರಲು, ಗೊಂಬೆಯವನು ಕೊರಳನ್ನು ಆಲಿಸುತ್ತಾ ಆಡಿಸಿ, ಆ ಆಟವನ್ನೇ ಕ್ಯಾಮೆರಾ ಕಡಿಯದೆ ಸೆರೆಹಿಡಿದರೆ, ಆಮೇಲೆ ಫ್ರೇಮ್ ಫ್ರೇಮಾಗಿ ಬೇಕಾದ ಬಣ್ಣವನ್ನೋ ಗೆರೆಯನ್ನೋ ಸೇರಿಸುವುದು ಇಂದಿನ ಕಂಪ್ಯೂಟರಿಗೆ ಕಷ್ಟದ ಕೆಲಸವಲ್ಲ. ಮಾಡಬಾರದ್ದು ಒಂದಿದೆ: ವಚನದಲ್ಲಿ ಬಂದ ಪ್ರತಿಯೊಂದು ವಸ್ತುವನ್ನೂ ಪರದೆಯ ಮೇಲೆ ತೋರಿಸಹೊರಡಬಾರದು.

ಉತ್ತರ ಕರ್ನಾಟಕದ ಸಂಗೀತ ಸಭೆಗಳೂ ವಿಶ್ವವಿದ್ಯಾಲಯಗಳ ಲಲಿತಕಲಾ ವಿಭಾಗಗಳೂ ಹತ್ತು ನಿಮಿಷದ ಇಂತಹ ಒಂದು ಚಿತ್ರವನ್ನು, ಗೊಂಬೆಯಾಟದ ಹಿರಿಯರು ನಮ್ಮೊಡನಿರುವಾಗಲೇ, ಕೈಗೆತ್ತಿಕೊಳ್ಳಬೇಕು. ಎಣ್ಣೆಯ ದೀಪದ ಮುಂದೆ ಗೊಂಬೆ ಹಿಡಿದು ಪಳಗಿದ ಕೈಗಳು ಬಹಳ ಉಳಿದಿಲ್ಲ. ಆಸಕ್ತ ಓದುಗರು ಅಲ್ಲಿಯವರೆಗೆ ಮೆಕ್‌ಲಾರೆನ್ ಮತ್ತು ಇಶು ಪಟೇಲರ ಎರಡೂ ಚಿತ್ರಗಳನ್ನು ಕೆನಡಾದ ಆ ಮಂಡಳಿಯ ಜಾಲತಾಣದಲ್ಲಿ ನೋಡಬಹುದು, ಎಂ. ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ ತೊಗಲುಗೊಂಬೆಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ.