ಎಷ್ಟು ವ್ಯಾಟು, ಎಷ್ಟು ಹೊತ್ತು?

ಕೆಲವರಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು, ಕೆಲವರಿಗೆ ರೇಡಿಯೋ ಬಿಚ್ಚುವ ಹುಚ್ಚು. ನನಗೆ ಪುಕ್ಕಟೆ ಕರೆಂಟಿನ ಯಂತ್ರಗಳ ಹುಚ್ಚು. ಗೃಹಜ್ಯೋತಿಯ ಮಾತಲ್ಲ ಇದು. ಅಲ್ಲಿ ನಮ್ಮ ಬಿಲ್ಲನ್ನು ಸರ್ಕಾರ ಕಟ್ಟುತ್ತದೆ. ನಾನು ಹೇಳುವುದು ಡೀಸೆಲ್ಲು, ಬಿಸಿಲು, ಗಾಳಿ ಏನೂ ಬೇಡದೆ ಒಮ್ಮೆ ತಿರುಗಿಸಿಬಿಟ್ಟರೆ ತನ್ನಷ್ಟಕ್ಕೆ ತಿರುಗುತ್ತಾ ಮನೆಯ ದೀಪವನ್ನೂ ಉರಿಸುವ ಯಂತ್ರದ ಬಗ್ಗೆ. ಇವುಗಳ ವಿಡಿಯೋ ಕಂಡರೆ ನಾನು ಬಿಡುವುದಿಲ್ಲ. ಮೋಸದಲ್ಲೂ ದರ್ಜೆಗಳಿವೆ ಎಂಬುದು ನೋಡುತ್ತಾ ಹೋದಂತೆ ಗೊತ್ತಾಗುತ್ತದೆ.

ಕುರುಗೋಡಿನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂತರಂತೂ ಇವು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಸುಟ್ಟ ವಾರ್ನಿಷಿನ ವಾಸನೆ, ಬಿಚ್ಚಿಟ್ಟ ಸ್ಟೇಟರು, ಕಿತ್ತು ಗುಡ್ಡೆ ಹಾಕಿದ ತಾಮ್ರದ ತಂತಿ. ಮೆಣಸಿನಕಾಯಿ ಬೆಳೆಯುವ ಹಿರಿಯರೊಬ್ಬರು ತಮ್ಮ 5 ಎಚ್‌ಪಿ ಮೋಟಾರ್ ಇಳಿಸಿ ಮೊಬೈಲ್ ಮುಂದೆ ಹಿಡಿದರು. "ಇದನ್ನ ಸ್ವಲ್ಪ ನೋಡ್ರಿ ಸರ, ಖರೇನ ಏನ್ರಿ?"

ಒಂದು ಎಚ್‌ಪಿ ಮೋಟಾರು, ಬೆಲ್ಟು, ಗಾಡಿ ಚಕ್ರದಂಥ ಭಾರದ ಫ್ಲೈವೀಲು, ಅದರಾಚೆ ಒಂದು ಡೈನಮೋ. ಮೋಟಾರ್ ಜೋರು ಹಿಡಿದ ಮೇಲೆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಡೈನಮೋಕ್ಕೇ ಸಿಕ್ಕಿಸುತ್ತಾರೆ. ಎಲ್ಲವೂ ತಿರುಗುತ್ತಲೇ ಇದೆ, ಬಲ್ಬು ಉರಿಯುತ್ತಲೇ ಇದೆ. ಹಿಂದೆ ಚಪ್ಪಾಳೆ.

"ಟೇಬಲ್ ಕೆಳಗ ವೈರ್ ಐತಿ ಬಿಡ್ರಿ" ಎಂದರು ಮೇಸ್ತ್ರಿ, ತಲೆ ಎತ್ತದೆ. ಇರಬಹುದು. ಆದರೆ ಈ ಆಟಕ್ಕೆ ಕಳ್ಳ ವೈರು ಬೇಕಾಗಿಯೇ ಇಲ್ಲ.

ಒಂದು ಎಚ್‌ಪಿ ಎಂದರೆ 746 ವ್ಯಾಟ್. ಶಾಫ್ಟಿನಲ್ಲಿ ಅಷ್ಟು ಕೊಡಲು ಸಣ್ಣ ಮೋಟಾರು ಹತ್ತಿರ ಹತ್ತಿರ 1000 ವ್ಯಾಟ್ ಎಳೆಯುತ್ತದೆ. ಉಳಿದದ್ದು ಮೈ ಬಿಸಿಯಾಗಿ ಹೋಗುತ್ತದೆ. ಬೆಲ್ಟು ತನ್ನ ಪಾಲು ತೆಗೆದುಕೊಂಡರೆ 710. ಡೈನಮೋ ನೂರಕ್ಕೆ ಎಂಬತ್ತು ಕೊಟ್ಟರೆ ಕೈಗೆ ಬರುವುದು 570. ಎಪಿಎಂಸಿಯಲ್ಲಿ ಮಾಲು ಕೈ ಬದಲಿಸಿದಂತೆ, ಪ್ರತಿ ಕೈಗೂ ದಲ್ಲಾಳಿ ಉಂಟು. ಆ 570ನ್ನು ತಿರುಗಿ ಮೋಟಾರಿಗೆ ಕೊಟ್ಟರೆ ಮುಂದಿನ ಸುತ್ತಿಗೆ 325, ಅದರ ಮುಂದಿನದಕ್ಕೆ 185. ಇದರಲ್ಲಿ ಬಲ್ಬಿಗೆ ಮಿಗುವುದು ಎಲ್ಲಿಂದ?

"ಮತ್ತ ಉರಿಯಾಕತ್ತೈತಲ್ರಿ?" ಎಂದರು ಹಿರಿಯರು. ಒಳ್ಳೆಯ ಪ್ರಶ್ನೆ. ಉರಿಸುತ್ತಿರುವುದು ಫ್ಲೈವೀಲು. 50 ಕಿಲೋ ತೂಕದ, ಅರ್ಧ ಮೀಟರ್ ಅಗಲದ ಕಬ್ಬಿಣದ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರೊಳಗೆ ಇರುವ ಶಕ್ತಿ ಸುಮಾರು 19,000 ಜೌಲ್. ಕೇಳಲು ದೊಡ್ಡದು. ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್! ಅಂದರೆ ಕ್ವಿಂಟಲಿನ ಅರ್ಧ ತೂಗುವ ಆ ಚಕ್ರದಲ್ಲಿರುವುದು ಒಂದು ಯೂನಿಟ್ಟಿನ ಸುಮಾರು ಇನ್ನೂರನೇ ಒಂದು ಪಾಲು, ಮೂರು ಪೈಸೆಯ ಕರೆಂಟು. ಅದನ್ನೂ ಗೋಡೆಯ ಪ್ಲಗ್ಗಿನಿಂದಲೇ ಮೊದಲು ತುಂಬಿಟ್ಟದ್ದು. 1000 ವ್ಯಾಟಿನ ಒಲೆ ಹಚ್ಚಿದರೆ 19 ಸೆಕೆಂಡಿಗೆ ಮುಗಿಯಿತು. ಹಿರಿಯರ 5 ಎಚ್‌ಪಿ ಪಂಪು ಎಳೆಯುವುದು ನಾಲ್ಕೂವರೆ ಕಿಲೋವ್ಯಾಟ್. ಅದಕ್ಕೆ ನಾಲ್ಕು ಸೆಕೆಂಡು. ಆದರೆ 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ? ಸವಕಳಿಯೇ ಇಲ್ಲವೆಂದುಕೊಂಡರೆ 35 ನಿಮಿಷ. ಬೆಲ್ಟು, ಬೇರಿಂಗು, ಮೋಟಾರು ತಿಂದು ಒಂದು ನಿಮಿಷಕ್ಕೆ ಉಳಿದರೂ ಸಾಕು, ವಿಡಿಯೋ ಇರುವುದೇ ಅಷ್ಟು. ಈ ವಿಡಿಯೋಗಳಲ್ಲಿ ಯಾವಾಗಲೂ ಎಲ್‌ಇಡಿ ಬಲ್ಬೇ ಏಕೆ, ಇಸ್ತ್ರಿಪೆಟ್ಟಿಗೆ ಏಕಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನೊಂದು ಜಾತಿಯದು ನೀರಿನದು. ಪಂಪಿನಿಂದ ಟ್ಯಾಂಕಿಗೆ ಏರಿಸು, ಟ್ಯಾಂಕಿನಿಂದ ಚಕ್ರದ ಮೇಲೆ ಬೀಳಿಸು, ಆ ಕರೆಂಟಿನಿಂದ ಪಂಪು ನಡೆಸು. ಸಾವಿರ ಲೀಟರ್ ನೀರು 10 ಮೀಟರ್ ಎತ್ತರದಿಂದ ಬಿದ್ದರೆ ಸಿಗುವುದು ಹೆಚ್ಚೆಂದರೆ 0.027 ಯೂನಿಟ್. ಏರಿಸಲು ಅದಕ್ಕಿಂತ ಹೆಚ್ಚೇ ಬೇಕು. ಹಾಗಾದರೆ ತುಂಗಭದ್ರಾ ಅಣೆಕಟ್ಟಿನ ಬುಡದಲ್ಲಿ ಕರೆಂಟು ಹುಟ್ಟುವುದು ಹೇಗೆ ಎಂದು ಕೇಳುವವರಿದ್ದಾರೆ. ಅಲ್ಲಿ ನೀರು ಏರಿಸುವ ಖರ್ಚು ಸೂರ್ಯನದು. ಕಡಲಿನಿಂದ ಎತ್ತಿ ಪಶ್ಚಿಮಘಟ್ಟದ ಮೇಲೆ ಸುರಿದವನು ಅವನು. ಇಂಧನ ಸುಡುವ ಕಡೆಯೂ ದಲ್ಲಾಳಿ ತಪ್ಪಿದ್ದಲ್ಲ: ಇತ್ತ ಕುಡತಿನಿಯ 1700 ಮೆಗಾವ್ಯಾಟ್ ಉಷ್ಣ ವಿದ್ಯುತ್ ಕೇಂದ್ರ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಆಕಾಶದ ಪಾಲು.

ನನಗೆ ನಿಜಕ್ಕೂ ರುಚಿಸುವುದು ಮೂರನೆಯ ದರ್ಜೆ. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಮೀಟರು ಓದುವುದರಲ್ಲೇ ಎಡವಟ್ಟು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು ಎಂದು ಶಾಲೆಯಲ್ಲಿ ಕಲಿತದ್ದು ಬ್ಯಾಟರಿಗೆ ಸರಿ. ಮನೆಗೆ ಬರುವ ಎಸಿ ಕರೆಂಟಿಗೆ ಪವರ್ ಫ್ಯಾಕ್ಟರ್ ಎಂಬ ಮೂರನೆಯ ಅಂಕಿಯಿಂದಲೂ ಗುಣಿಸಬೇಕು. ಲೋಡಿಲ್ಲದೆ ತಿರುಗುವ ಮೋಟಾರಿನಲ್ಲಿ ಅದು 0.3ರ ಆಸುಪಾಸು. ಕರೆಂಟು ಅಳೆಯುವ ಟಾಂಗ್ ಟೆಸ್ಟರು 5 ಆಂಪಿಯರ್ ತೋರಿಸಿತು, 230ರಿಂದ ಗುಣಿಸಿದೆವು, 1150. ನಿಜವಾಗಿ ಖರ್ಚಾಗುತ್ತಿರುವುದು 345 ವ್ಯಾಟ್. ಈ ಮೋಟಾರನ್ನು ಒಂದು ಡೈನಮೋಕ್ಕೆ ಹಚ್ಚಿ, ಡೈನಮೋವನ್ನು ಇನ್ನೊಂದು ಮೋಟಾರಿನಿಂದ ತಿರುಗಿಸಿ, ಒಳಗೆ ಹೋಗುವುದನ್ನು ಎನರ್ಜಿ ಮೀಟರಿನಲ್ಲಿ ಅಳೆದರೆ 575 ವ್ಯಾಟ್ ಬರಬಹುದು. ಒಳಗೆ 575, ಹೊರಗೆ 1150. ದುಪ್ಪಟ್ಟು! ಮನುಷ್ಯ ಪ್ರಾಮಾಣಿಕ, ಮೀಟರುಗಳೂ ಸರಿ. ಬಿಟ್ಟುಹೋದದ್ದು ಒಂದು ಗುಣಾಕಾರ.

ಇದೇ ಎಡವಟ್ಟಿನ ತಿರುಗಾಮುರುಗಾ ರೂಪ, ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧವಾಗುತ್ತದೆಂದು ಮಾರುವ ಪುಟ್ಟ ಡಬ್ಬಿ. ಒಡೆದು ನೋಡಿದರೆ ಹಸಿರು ದೀಪ ಮತ್ತು ಸುಮಾರು 4 ಮೈಕ್ರೋಫ್ಯಾರಡ್‌ನ ಒಂದು ಕಂಡೆನ್ಸರ್. ಅರ್ಧ ಆಂಪಿಯರ್ ಎಳೆಯುವ, 0.4 ಪವರ್ ಫ್ಯಾಕ್ಟರಿನ ಸಣ್ಣ ಮೋಟಾರಿನ ಪಕ್ಕ ಅದನ್ನು ಸಿಕ್ಕಿಸಿದರೆ ಟಾಂಗ್ ಟೆಸ್ಟರಿನ ಅಂಕಿ 0.5ರಿಂದ 0.26ಕ್ಕೆ ಇಳಿಯುತ್ತದೆ. ಕಣ್ಣಾರೆ ಕಂಡ ಮೇಲೆ ಯಾರು ತಾನೇ ಕೊಳ್ಳುವುದಿಲ್ಲ? ಆದರೆ ಮನೆಯ ಮೀಟರು ಎಣಿಸುವುದು ಆ ಮೋಟಾರಿನ 46 ವ್ಯಾಟನ್ನು. ಅದು ಮೊದಲೂ 46, ಈಗಲೂ 46. ಪಂಪ್‌ಸೆಟ್ಟಿಗೆ ಕಂಡೆನ್ಸರ್ ಹಾಕಿ ಎನ್ನುವುದು ಬೇರೆ ಮಾತು. ಅದರಿಂದ ಲೈನಿನ ಮೇಲೆ, ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ತಗ್ಗುತ್ತದೆ, ಹಾಕಲೇಬೇಕು.

ಲೆಕ್ಕ ಬಲ್ಲವರೂ ಈ ಮೋಹಕ್ಕೆ ಒಳಗಾಗಿದ್ದಾರೆ. 1150ರ 'ಸಿದ್ಧಾಂತ ಶಿರೋಮಣಿ'ಯಲ್ಲಿ ಭಾಸ್ಕರಾಚಾರ್ಯರಂಥವರೇ ಪಾದರಸ ತುಂಬಿದ ಟೊಳ್ಳು ಅರಗಳ ಚಕ್ರ ತಾನೇ ತಿರುಗುತ್ತದೆಂದು ಬರೆದರು. ನಮ್ಮ ಕಾಲದಲ್ಲಿ ಪರಮಹಂಸ ತಿವಾರಿ. ಅಣುವಿದ್ಯುತ್ ನಿಗಮದ ಹಿರಿಯ ಎಂಜಿನಿಯರ್ ಆಗಿದ್ದವರು, ಕೈಗಾ ಯೋಜನೆಯ ಹೊಣೆ ಹೊತ್ತವರು. ಅಮೆರಿಕದ ಬ್ರೂಸ್ ಡಿಪಾಮಾ ಅವರಂತೆ ಇವರೂ ಫ್ಯಾರಡೆ 1831ರಲ್ಲಿ ತಿರುಗಿಸಿದ ತಾಮ್ರದ ತಟ್ಟೆಯಿಂದ ಹೊರಟು, ಬರಿಯ ಶೂನ್ಯದಿಂದಲೇ ಶಕ್ತಿ ತೆಗೆಯುವ ಜನರೇಟರ್ ಕಟ್ಟಿದ್ದೇನೆ ಎಂದರು. ಮುಂದೆ ಹಾಕಿದ್ದರ ದುಪ್ಪಟ್ಟಿಗಿಂತ ಹೆಚ್ಚು ಕೊಡುವ ಯಂತ್ರದ ಮಾತಾಡಿದರು. ಅವರನ್ನು ವಂಚಕರೆನ್ನಲು ನನಗೆ ಮನಸ್ಸಿಲ್ಲ. ಫ್ಯಾರಡೆಯ ತಟ್ಟೆಯಂಥ ಯಂತ್ರದಲ್ಲಿ ವೋಲ್ಟು ಅತಿ ಕಡಿಮೆ, ಆಂಪಿಯರು ಅತಿ ಹೆಚ್ಚು. 1 ವೋಲ್ಟಿನಲ್ಲಿ 1000 ಆಂಪಿಯರ್ ಹರಿಯುವಲ್ಲಿ ವೋಲ್ಟ್‌ಮೀಟರು 0.1 ಹೆಚ್ಚು ತೋರಿಸಿದರೂ ನೂರು ವ್ಯಾಟು ಪುಕ್ಕಟೆ ಹುಟ್ಟಿದಂತೆ ಕಾಣುತ್ತದೆ. ಅವರಿಗೂ ಹಾಗೆಯೇ ಆಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮೀಟರಿನ ಜಗಳವನ್ನು ಒಂದೇ ಏಟಿಗೆ ಮುಗಿಸುವ ದಾರಿ ಇತ್ತು: ಹೊರಬಂದದ್ದರಲ್ಲಿ ಅರ್ಧವನ್ನು ಒಳಗೆ ಕೊಟ್ಟು, ಗೋಡೆಯ ವೈರು ಕತ್ತರಿಸಿ, ಒಂದು ತಿಂಗಳು ಬೀದಿದೀಪ ಉರಿಸುವುದು. ಆ ಯಂತ್ರದಿಂದ ನಡೆಯುವ ಒಂದು ವಿದ್ಯುತ್ ಕೇಂದ್ರವೂ ಇವತ್ತು ದೇಶದಲ್ಲಿಲ್ಲ. ಕಾನೂನಿನ ನಿಲುವೂ ಸ್ಪಷ್ಟ: 1970ರ ಪೇಟೆಂಟ್ ಕಾಯ್ದೆಯ 3(ಎ) ಕಲಮು ಸ್ಥಾಪಿತ ನಿಸರ್ಗ ನಿಯಮಗಳಿಗೆ ಎದ್ದು ಕಾಣುವಂತೆ ವಿರುದ್ಧವಾದದ್ದನ್ನು ಆವಿಷ್ಕಾರವೆಂದೇ ಒಪ್ಪುವುದಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಯಾರಾದರೂ ಇಂಥ ಯಂತ್ರ ಮಾರಲು ಊರಿಗೆ ಬಂದರೆ ವಾದಕ್ಕೆ ಇಳಿಯಬೇಡಿ, ಟೇಬಲ್ ಕೆಳಗೆ ಬಗ್ಗಿ ನೋಡುವುದೂ ಬೇಡ. ಯಂತ್ರವನ್ನು ಹೊಲದ ಬಯಲಿಗೆ ತರಿಸಿ, ಮನೆಯಲ್ಲಿ ನೀರು ಕಾಯಿಸುವ 1500 ವ್ಯಾಟಿನ ಹೀಟರ್ ರಾಡನ್ನು ಅದಕ್ಕೆ ಹಚ್ಚಿ, ಎರಡು ತಾಸು ಅಲ್ಲೇ ಕೂತಿರಿ. ಅದು ಮೂರು ಯೂನಿಟ್, ಹದಿನೆಂಟು ರೂಪಾಯಿಯ ಕರೆಂಟು. ಅಷ್ಟು ಕೊಡುವವರೆಗೆ ಮುಂಗಡ ಕೊಡಬೇಡಿ.